ಸದನಕ್ಕೆ ತಡವಾಗಿ ಬರುವ ಲೆಕ್ಕ

ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಪತ್ರಗಳನ್ನು ಕಂಪನಿಯೊಂದು ಪರಿಶೋಧನೆಗೆ ಒಳಪಡಿಸಿ, ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆಯ ಮುಂದಿಡಬೇಕು. ಜಿಎಸ್‌ಟಿ ವಿವರಪಟ್ಟಿ ಒಂದು ದಿನ ತಡವಾದರೂ ವರ್ತಕನು ವಿಳಂಬ ಶುಲ್ಕ ತೆರಬೇಕು. ಅವನ ತೆರಿಗೆಯಿಂದ ನಡೆಯುವ ರಾಜ್ಯ ಸರ್ಕಾರಕ್ಕೆ ಮಾತ್ರ ಇಂತಹ ಗಡುವಿಲ್ಲ. ಸಂವಿಧಾನದ 151ನೆಯ ಅನುಚ್ಛೇದದಂತೆ ಸಿಎಜಿ ವರದಿಯು ರಾಜ್ಯಪಾಲರ ಮೂಲಕ ವಿಧಾನಮಂಡಲದಲ್ಲಿ ಮಂಡನೆಯಾಗಬೇಕು. ಎಷ್ಟು ದಿನಗಳೊಳಗೆ ಎಂಬುದನ್ನು ಅದು ಹೇಳುವುದಿಲ್ಲ.

ದೆಹಲಿಯು ಪೂರ್ಣ ರಾಜ್ಯವಲ್ಲವಾದರೂ ಅಲ್ಲಿಯ ಏರ್ಪಾಟೂ ಇಂಥದೇ. ಅಲ್ಲಿ ಹಲವು ವರದಿಗಳು ಸದನಕ್ಕೆ ಬಾರದೆ ಉಳಿದವು; 2025ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವೇ ವಿಳಂಬವನ್ನು ಆಕ್ಷೇಪಿಸಿತು. 2022ರಲ್ಲೇ ಹಿಂಪಡೆಯಲಾಗಿದ್ದ ಮದ್ಯ ನೀತಿಯ ಕುರಿತ ವರದಿ ಮಂಡನೆಯಾದುದು ಸರ್ಕಾರ ಬದಲಾದ ಬಳಿಕ, 2025ರ ಫೆಬ್ರವರಿ 25ರಂದು. ಯಾವ ಪಕ್ಷದ ಸರ್ಕಾರವೆಂಬುದು ಇಲ್ಲಿ ಗೌಣ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಕೈಗೆ ವರದಿ ಬರುವ ಹೊತ್ತಿಗೆ ಉತ್ತರ ಹೇಳಬೇಕಾದ ಅಧಿಕಾರಿ ವರ್ಗವಾಗಿರುತ್ತಾರೆ, ಇಲ್ಲವೇ ನಿವೃತ್ತರಾಗಿರುತ್ತಾರೆ.

ಸಕಾಲಕ್ಕೆ ಬಂದ ಲೆಕ್ಕವೂ ಎಲ್ಲವನ್ನೂ ತೋರಿಸುವುದಿಲ್ಲ. ಸರ್ಕಾರದ ಲೆಕ್ಕ ಇಂದಿಗೂ ನಗದು ಆಧಾರಿತ. ವರ್ತಕನೊಬ್ಬ ಫೆಬ್ರವರಿಯಲ್ಲಿ ಇಲಾಖೆಯೊಂದಕ್ಕೆ ಸರಕು ಪೂರೈಸಿದನೆನ್ನೋಣ. ಹಣ ಕೈಸೇರದಿದ್ದರೂ ಅವನು ಆ ಬಿಲ್ಲಿನ ಮೇಲೆ ಜಿಎಸ್‌ಟಿ ಕಟ್ಟಿರುತ್ತಾನೆ. ಅವನ ಪುಸ್ತಕದಲ್ಲಿ ಅದು ಬರತಕ್ಕ ಬಾಕಿ. ಸರ್ಕಾರದ ಲೆಕ್ಕದಲ್ಲಾದರೋ ಪಾವತಿಯಾಗುವ ತನಕ ಅದು ವೆಚ್ಚವೇ ಅಲ್ಲ! ಪಾವತಿಯನ್ನು ಏಪ್ರಿಲ್‌ಗೆ ತಳ್ಳಿದಷ್ಟೂ ಆ ವರ್ಷದ ವಿತ್ತೀಯ ಕೊರತೆ ಕಡಿಮೆಯಾಗಿ ಕಾಣುತ್ತದೆ. ಶೇಕಡ 3ರ ಮಿತಿ ಹೀಗೂ ಪಾಲನೆಯಾಗಬಹುದು. ಅದರ ಬಡ್ಡಿ ಹೊರುವವನು ಪೂರೈಕೆದಾರ. ಸಂಚಯ ಪದ್ಧತಿಗೆ ಸಾಗಬೇಕೆಂದು ಹನ್ನೆರಡನೆಯ ಹಣಕಾಸು ಆಯೋಗ 2004ರಲ್ಲೇ ಶಿಫಾರಸು ಮಾಡಿತ್ತು.

ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು 2002ರಲ್ಲಿ ದೇಶದಲ್ಲೇ ಮೊದಲಿಗೆ ತಂದ ರಾಜ್ಯ ಕರ್ನಾಟಕ. ಅದೇ ಅಧಿನಿಯಮಕ್ಕೆ ಎರಡು ಕಲಮುಗಳನ್ನು ಸೇರಿಸುವುದು ಕಷ್ಟದ ಕೆಲಸವೇನಲ್ಲ. ಕೈಸೇರಿದ ಸಿಎಜಿ ವರದಿಯನ್ನು ಮುಂದಿನ ಅಧಿವೇಶನದ ಮೊದಲ ವಾರದಲ್ಲೇ ಮಂಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುವುದು ಒಂದು. ಮಾರ್ಚ್ 31ರಂದು ಪಾವತಿಯಾಗದೆ ಉಳಿದ ಬಿಲ್ಲುಗಳ ಇಲಾಖಾವಾರು ಪಟ್ಟಿ, ಅವು ಎಷ್ಟು ಹಳೆಯವೆಂಬ ವಿವರದೊಡನೆ ಸದನಕ್ಕೆ ಬರುವಂತೆ ಮಾಡುವುದು ಇನ್ನೊಂದು. ಈ ಪಟ್ಟಿಯಲ್ಲಿ ಬಿಲ್ಲಿನ ವಯಸ್ಸನ್ನು ಖಜಾನೆಗೆ ಬಂದ ದಿನದಿಂದ ಎಣಿಸಿದರೆ ಪ್ರಯೋಜನವಿಲ್ಲ. ಖಜಾನೆಯ ಮುಖ ಕಾಣದೆ ಕಚೇರಿಯ ಕಪಾಟಿನಲ್ಲೇ ಮಲಗಿದ ಬಿಲ್ಲುಗಳೂ ಇರುವುದರಿಂದ, ಪೂರೈಕೆದಾರನು ಅದನ್ನು ಕಚೇರಿಗೆ ಸಲ್ಲಿಸಿದ ದಿನದಿಂದಲೇ ಎಣಿಕೆ ಆರಂಭವಾಗಬೇಕು.