ಉಳಿದುದೆಲ್ಲವೂ ತ್ಯಾಜ್ಯವೇ?

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಸೀಮೆಯಲ್ಲಿ ಉಳಿದ ಪದಾರ್ಥಗಳಿಗೆಲ್ಲ ಒಂದೇ ಹೆಸರು ಎಂದೂ ಇದ್ದುದಿಲ್ಲ. ಈಚೆಗೆ ಕಚೇರಿಯ ಕಾಗದಗಳಲ್ಲಿಯೂ ಬೀದಿಯ ಫಲಕಗಳಲ್ಲಿಯೂ ‘ತ್ಯಾಜ್ಯ’ವೆಂಬ ಒಂದೇ ಶಬ್ದವು ಮಿಕ್ಕೆಲ್ಲವನ್ನೂ ನುಂಗುತ್ತಿರುವುದು. ಕೃಷಿತ್ಯಾಜ್ಯ, ಆಹಾರತ್ಯಾಜ್ಯ, ಘನತ್ಯಾಜ್ಯ! ತ್ಯಾಜ್ಯವೆಂದರೆ ಬಿಡತಕ್ಕದ್ದು. ಅದು ವಸ್ತುವಿನ ವರ್ಣನೆಯಲ್ಲ, ಅದರ ಮೇಲಣ ತೀರ್ಪು. ವಿಚಾರಣೆಗೆ ಮೊದಲೇ ತೀರ್ಪು ಹೇಳುವುದು ನ್ಯಾಯವೇ?

ಕಬ್ಬಿನ ಗದ್ದೆಯನ್ನೇ ನೋಡಬಹುದು. ಕಡಿದ ಮೇಲೆ ನೆಲದಲ್ಲುಳಿದ ಬುಡವು ಕೂಳೆ. ಅದು ಮರಳಿ ಚಿಗುರಿ, ಹೊಸ ನಾಟಿಯಿಲ್ಲದೆಯೇ ಮತ್ತೊಂದು ಬೆಳೆಯನ್ನು ಕೊಡುವುದು. ರಸ ಹಿಂಡಿದ ಸಿಪ್ಪೆಯು ಆಲೆಮನೆಯ ಒಲೆಗೆ ಉರುವಲು. ಸಕ್ಕರೆ ತೆಗೆದುಳಿದ ಕಾಕಂಬಿಯಿಂದ ಮದ್ಯಸಾರವಾಗುವುದು. ಒಣಗಿದ ತರಗು ಮಣ್ಣಿಗೆ ಹೊದಿಕೆಯೂ ಗೊಬ್ಬರವೂ ಆಗಬಲ್ಲುದು. ಅದನ್ನು ತ್ಯಾಜ್ಯವೆಂದೆಣಿಸಿದವನಿಗೆ ಬೆಂಕಿಯಿಡಲು ಸಂಕೋಚವೇಕೆ? ಹೊಟ್ಟು, ತೌಡು, ಹಿಂಡಿಗಳೂ ಹೀಗೆಯೇ. ಬರಿಯ ಜೊಳ್ಳಷ್ಟೇ ಜೊಳ್ಳು. ಅಡಿಗೆಯ ಮನೆಯಲ್ಲಿ ರಾತ್ರಿ ತಂಗಿದ ಅನ್ನವು ತಂಗಳು; ಹಳಸಿದುದು ಬೇರೆ, ಸೀದುದು ಬೇರೆ.

ಹಾಗೆಂದು ಹಳೆಯ ಮಾತುಗಳೆಲ್ಲ ನಿರ್ದೋಷವೆನ್ನಲಾಗದು. ದೇವರಿಗೆ ನಿವೇದಿಸಿ ಉಳಿದುದು ಪ್ರಸಾದ. ಉಂಡೆದ್ದವನ ಎಲೆಯಲ್ಲಿ ಉಳಿದುದು ಎಂಜಲು. ಆ ಎಂಜಲನ್ನೆತ್ತುವ ಕೈಯನ್ನೇ ಮೈಲಿಗೆಯೆಂದು ಸಮಾಜವು ದೂರವಿಟ್ಟಿತು. ಈ ಕಳಂಕವಿಲ್ಲದ ಪದವೇ ತ್ಯಾಜ್ಯವೆಂದು ಅದರ ಪಕ್ಷದವರು ವಾದಿಸಬಹುದು. ಒಳ್ಳೆಯದು, ಆದರೆ ಹೆಸರು ಬದಲಾದ ಮೇಲೆ ಗುಡಿಸುವವರು ಬದಲಾದರೇ? ಮನುಷ್ಯರಿಂದ ಮಲ ಬಾಚಿಸುವುದನ್ನು ನಿಷೇಧಿಸಲು 1993ರ ಶಾಸನವು ಸಾಲದೆ, 2013ರಲ್ಲಿ ಮತ್ತೊಂದನ್ನು ಮಾಡಬೇಕಾಯಿತು. ಪದವನ್ನು ತೊಳೆದ ಮಾತ್ರಕ್ಕೆ ಮನಸ್ಸು ಶುದ್ಧವಾಗಲಿಲ್ಲ. ಮನೆಯಲ್ಲಿಯೇ ಕಸವನ್ನು ಮೂರು ಬಗೆಯಾಗಿ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದುವು. ಎಲ್ಲಕ್ಕೂ ಒಂದೇ ಹೆಸರಿಟ್ಟು ಒಂದೇ ಬುಟ್ಟಿಗೆ ಸುರಿಯುವ ವಿದ್ಯಾವಂತರ ಮನೆಯು, ಆ ವಿವೇಚನೆಯ ಹೊರೆಯನ್ನು ಪೌರಕಾರ್ಮಿಕರ ಕೈಗೆ ದಾಟಿಸುವುದಲ್ಲದೆ ಮತ್ತೇನು? ಹಳೆಯ ಎಂಜಲಿನ ಅನ್ಯಾಯವೇ ಹೊಸ ಹೆಸರಿನಲ್ಲಿ ಮುಂದುವರಿದಂತಾಯಿತು.

ಶ್ರೀರಂಗಪಟ್ಟಣದಲ್ಲಿ ಆದಿರಂಗನು ಮಲಗಿರುವುದು ಶೇಷನ ಮೇಲೆ, ಶೇಷವೆಂದರೆ ಉಳಿದುದು. 1799ರಲ್ಲಿ ಬಿದ್ದ ಕೋಟೆಯ ಗೋಡೆಗಳನ್ನು ಜನರು ಅವಶೇಷವೆನ್ನುವರು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಪಶ್ಚಿಮವಾಹಿನಿಯಲ್ಲಿ ವಿಸರ್ಜಿಸಿದಾಗ ಅದನ್ನು ಯಾರಾದರೂ ತ್ಯಾಜ್ಯವೆಂದರೇ? ಉಳಿದುದಕ್ಕೆ ಹೆಸರಿಡುವ ವಿವೇಕವು ಈ ಸೀಮೆಯ ಜನರಿಗೆ ಉಂಟು. ಬುಟ್ಟಿಯ ಮುಚ್ಚಳವನ್ನು ತೆಗೆಯುವ ಮುನ್ನ ಕೈಯಲ್ಲಿರುವುದು ಯಾವುದೆಂದು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಅದರ ಹೆಸರನ್ನು ಹೇಳಿಕೊಳ್ಳಲಿ. ಎಸೆಯತಕ್ಕದ್ದು ಎಷ್ಟು ಸ್ವಲ್ಪವೆಂಬುದು ಆಗ ತಾನಾಗಿಯೇ ತಿಳಿಯುವುದು.