ಸೋರಿಕೆಯನ್ನು ಅಳೆಯದೆ ಮೋಟಾರನ್ನು ಬದಲಿಸಬಾರದು

ಯಂತ್ರವೊಂದು ಸೊರಗಿದೊಡನೆ ನಮ್ಮಲ್ಲಿ ಮೊದಲು ಕೇಳಿಬರುವ ಸಲಹೆಯೆಂದರೆ, "ಹಳೆಯದನ್ನು ತೆಗೆದು ಹೊಸದನ್ನು ಹಾಕಿಬಿಡಿ" ಎಂಬುದು. ಕಾರಣವನ್ನು ವಿಚಾರಿಸುವ ಪದ್ಧತಿ ಕಡಮೆ. ನಗರದ ಇಕ್ಕಟ್ಟಾದ ಓಣಿಗಳಲ್ಲಿ ನೀರಿನ ಕೊಳವೆಗಳಿಗಾಗಿ ನೆಲ ತೋಡುವ, ಮಲೆನಾಡಿನ ಅಡಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುವ ಸಣ್ಣ ಅಗೆಯುವ ಯಂತ್ರಗಳ ವಿಷಯದಲ್ಲಿ ಈ ಅವಸರವು ಎಷ್ಟು ದುಬಾರಿಯಾದುದೆಂಬುದನ್ನು ವಾಚಕರ ಗಮನಕ್ಕೆ ತರುವುದು ನಮ್ಮ ಉದ್ದೇಶ. ಇಂಥ ಯಂತ್ರದ ಒಡೆಯನು ಅನೇಕ ವೇಳೆ ಸಾಲಮಾಡಿ ಒಂದೇ ಒಂದು ಯಂತ್ರವನ್ನು ಕೊಂಡವನು. ಅದು ಕೆಟ್ಟರೆ ಬಾಡಿಗೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ.

ಯಂತ್ರವನ್ನು ಮುಂದೆ ಹಿಂದೆ ನಡೆಯಿಸುವುದಕ್ಕೆ ಎಡಬಲಗಳ ಚೈನುಗಳಿಗೆ ಒಂದೊಂದು ಮೋಟಾರಿರುತ್ತದೆ. ಇದು ವಿದ್ಯುತ್ತಿನ ಮೋಟಾರಲ್ಲ. ಎಂಜಿನ್ನು ಪಂಪನ್ನು ತಿರುಗಿಸುತ್ತದೆ. ಪಂಪು ತೈಲವನ್ನು ನೂಕುತ್ತದೆ. ಆ ತೈಲವು ಮೋಟಾರಿನ ಪುಟ್ಟ ಪಿಸ್ಟನ್ನುಗಳನ್ನು ಒಂದಾದ ಮೇಲೊಂದರಂತೆ ತಳ್ಳಿ ಅಚ್ಚನ್ನು ತಿರುಗಿಸುತ್ತದೆ. ಗ್ರಹಗಳಂತೆ ಸುತ್ತುವ ಗೇರುಗಳು ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ತೈಲದ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 200 ಪಾಲು ಹೆಚ್ಚಾಗಿರುವುದುಂಟು. ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹೆಚ್ಚುಕಡಮೆ 200 ಕಿಲೋಗ್ರಾಂ ಭಾರವನ್ನು ಹೇರಿದಂತೆ.

ಇಷ್ಟು ಒತ್ತಡಕ್ಕೆ ಸಿಕ್ಕಿದ ತೈಲವು ಸಂದು ಸಿಕ್ಕಿದಲ್ಲೆಲ್ಲ ನುಸುಳುತ್ತದೆ. ಪಿಸ್ಟನ್ನಿಗೂ ಅದರ ಕೊಳವೆಗೂ ನಡುವೆ ಇರುವ ಸಂದು ಬಹು ಕಿರಿದು. ಅದನ್ನು ಮೈಕ್ರಾನುಗಳಲ್ಲಿ ಎಣಿಸಬೇಕು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನು. ಇಲ್ಲಿ ಭೌತಶಾಸ್ತ್ರದ ನಿಯಮವೊಂದನ್ನು ನೆನೆಯಬೇಕು: ಕಿರಿದಾದ ಸಂದಿನಲ್ಲಿ ಹರಿಯುವ ದ್ರವದ ಪ್ರಮಾಣವು ಸಂದಿನ ಅಗಲದ ಘನವನ್ನು ಅನುಸರಿಸುತ್ತದೆ. ಸಂದು ಎರಡರಷ್ಟಾದರೆ ಸೋರಿಕೆಯು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಕಣ್ಣಿಗೆ ಕಾಣದ ಮರಳಿನ ಪುಡಿಯು ಲೋಹವನ್ನು ಹತ್ತು ಮೈಕ್ರಾನು ತೇದರೂ ಮೋಟಾರು ಸೊರಗುವುದು ಇದರಿಂದಲೇ. ತೈಲವು ನೋಡುವುದಕ್ಕೆ ತಿಳಿಯಾಗಿದೆಯೆಂದು ಸಮಾಧಾನಪಡುವುದು ಸಲ್ಲದು.

ಬೆಳಗ್ಗೆ ಚೆನ್ನಾಗಿ ನಡೆದ ಯಂತ್ರವು ಮಧ್ಯಾಹ್ನ ತೆವಳುವುದಕ್ಕೂ ಇದೇ ವಿವರಣೆ. ತೈಲವು ಕಾದಷ್ಟೂ ತೆಳ್ಳಗಾಗುತ್ತದೆ. 46ರ ದರ್ಜೆಯ ತೈಲದ ಸ್ನಿಗ್ಧತೆಯು 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 46 ಸೆಂಟಿಸ್ಟೋಕ್ಸ್ ಇದ್ದರೆ, 100 ಡಿಗ್ರಿಯಲ್ಲಿ ಅದು ಸುಮಾರು 7ಕ್ಕೆ ಇಳಿಯುತ್ತದೆ. ಸವೆದ ಮೋಟಾರಿನ ಗುಟ್ಟು ಬಿಸಿಯಲ್ಲಿ ರಟ್ಟಾಗುತ್ತದೆ.

ಹೀಗೆ ನುಸುಳಿದ ತೈಲವು ಮೋಟಾರಿನ ಕವಚದೊಳಗೆ ಸೇರಿ, ಒಂದು ಸಣ್ಣ ಡ್ರೈನ್ ಪೈಪಿನ ಮೂಲಕ ತೊಟ್ಟಿಗೆ ಮರಳುತ್ತದೆ. ಹಲವು ಯಂತ್ರಗಳಲ್ಲಿ ಈ ದಾರಿಯಲ್ಲಿ ಒಂದು ಪುಟ್ಟ ಫಿಲ್ಟರಿರುತ್ತದೆ. ನಮ್ಮ ಪರಿಚಯದವರೊಬ್ಬರು ಬಲಗಡೆಯ ಮೋಟಾರನ್ನು ಬದಲಿಸಿದರು. ಕೆಲವೇ ತಿಂಗಳಲ್ಲಿ ಹೊಸ ಮೋಟಾರಿನ ಸೀಲು ಕಿತ್ತುಹೋಗಿ, ತೈಲವು ಗೇರುಪೆಟ್ಟಿಗೆಗೆ ನುಗ್ಗಿತು. ಆಮೇಲೆ ಬಿಚ್ಚಿ ನೋಡಿದಾಗ, ಹಳೆಯ ಮೋಟಾರು ಉದುರಿಸಿದ ಲೋಹದ ಚೂರುಗಳಿಂದ ಆ ಫಿಲ್ಟರು ಕಟ್ಟಿಕೊಂಡಿತ್ತು. ಹಿಂದಿರುಗಲು ದಾರಿಯಿಲ್ಲದ ತೈಲವು ಕವಚದೊಳಗೆ ಒತ್ತಡವನ್ನು ಬೆಳೆಸಿ, ಸೀಲನ್ನು ಹೊರಗೆ ನೂಕಿತ್ತು. ಅಲ್ಪ ಬೆಲೆಯ ವಸ್ತುವನ್ನು ಯಾರೂ ತೆರೆದು ನೋಡದಿದ್ದುದಕ್ಕೆ ಎರಡು ಮೋಟಾರುಗಳ ದಂಡವನ್ನು ತೆರಬೇಕಾಯಿತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಅಳೆಯದೆ ತೀರ್ಪು ಕೊಡಬಾರದು. ಯಂತ್ರವು ಒಂದು ಪಕ್ಕಕ್ಕೆ ಎಳೆದರೆ, ಚೈನುಗಳ ಬಿಗಿಯನ್ನು ಮೊದಲು ನೋಡಿ, ಬಳಿಕ ಎಡಬಲದ ಮೋಟಾರುಗಳ ಮುಖ್ಯ ಕೊಳವೆಗಳನ್ನು ಅದಲುಬದಲು ಮಾಡಿ ಪರೀಕ್ಷಿಸಬಹುದು. ದೌರ್ಬಲ್ಯವು ಅದೇ ಪಕ್ಕದಲ್ಲಿ ಉಳಿದರೆ ದೋಷವು ಆ ಮೋಟಾರಿನಲ್ಲೋ ಅದರ ಗೇರಿನಲ್ಲೋ ಇದೆ. ಇನ್ನೊಂದು ಪಕ್ಕಕ್ಕೆ ಸಾಗಿದರೆ ಪಂಪು, ಕವಾಟ, ನಡುವಣ ತಿರುಗುವ ಕೀಲು ಇವುಗಳನ್ನು ಶಂಕಿಸಬೇಕು. ಅನಂತರ ಡ್ರೈನ್ ಪೈಪಿನಿಂದ ಒಂದು ನಿಮಿಷದಲ್ಲಿ ಬರುವ ತೈಲವನ್ನು ಅಳತೆಯ ಪಾತ್ರೆಗೆ ಹಿಡಿದು, ತಯಾರಕರು ಕೊಟ್ಟ ಮಿತಿಯೊಡನೆ ಹೋಲಿಸಬೇಕು. ಗಡಿಯಾರವೂ ಪಾತ್ರೆಯೂ ಹೇಳುವಷ್ಟು ಸತ್ಯವನ್ನು ಊಹೆಯು ಹೇಳಲಾರದು.

"ಇದಕ್ಕೆಲ್ಲ ವ್ಯವಧಾನವೆಲ್ಲಿ? ಒಂದು ದಿನದ ಬಾಡಿಗೆ ಹೋಗುತ್ತದೆ" ಎಂದು ಒಡೆಯರು ಹೇಳುವರು. ಆ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಪೂರ್ತಿ ಸವೆದ ಮೋಟಾರನ್ನು ಬದಲಿಸಲೇಬೇಕು. ಆದರೆ ಹೊಸ ಮೋಟಾರನ್ನು ಹಳೆಯ ಕೊಳೆಗೆ ಜೋಡಿಸಿದರೆ, ಉಳಿಸಿದ ಒಂದು ದಿನಕ್ಕೆ ಪ್ರತಿಯಾಗಿ ಮುಂದೆ ಹಲವು ದಿನಗಳನ್ನು ಕಳೆದುಕೊಳ್ಳಬೇಕಾದೀತು.

ಹಣಕ್ಕಿಂತಲೂ ದೊಡ್ಡದೊಂದು ವಿಷಯವಿದೆ. ಸೋರುವ ಜಾಗವನ್ನು ಬೆರಳಿನಿಂದ ತಡಕಿ ಹುಡುಕುವ ಅಭ್ಯಾಸವು ಅಪಾಯಕರ. ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲವು ಚರ್ಮವನ್ನು ಭೇದಿಸಿ ಒಳಹೊಕ್ಕೀತು. ಗಾಯವು ಹೊರಗೆ ಚುಕ್ಕೆಯಂತೆ ಕಂಡರೂ ಕೂಡಲೆ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು. ಹುಡುಕುವುದಕ್ಕೆ ರಟ್ಟಿನ ತುಂಡನ್ನು ಹಿಡಿಯಬೇಕು. ಕೊಳವೆಯನ್ನು ಬಿಚ್ಚುವ ಮೊದಲು ಎಂಜಿನ್ನನ್ನು ನಿಲ್ಲಿಸಿ ಒತ್ತಡವನ್ನು ಇಳಿಸಬೇಕು. ಷೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗನಿಗೆ ಹೇಳಿಕೊಡಬೇಕಾದ ಮೊದಲನೆಯ ಪಾಠವಿದು.

ಪಾಸ್ಕಲನ ನಿಯಮವನ್ನು ನಾವು ತರಗತಿಯಲ್ಲಿ ವರ್ಷವರ್ಷವೂ ಹಲಗೆಯ ಮೇಲೆ ಬರೆಯುತ್ತೇವೆ. ವಿದ್ಯಾರ್ಥಿಗಳು ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಅದೇ ನಿಯಮವು ಕಾಲೇಜಿನ ಎದುರಿನ ರಸ್ತೆಯನ್ನು ಅಗೆಯುತ್ತಿರುವಾಗ ಅವರು ಅದನ್ನು ಗುರುತಿಸುವುದಿಲ್ಲ. ತಪ್ಪು ಅವರದಲ್ಲ, ನಮ್ಮದು. ಬಿಚ್ಚಿದ ಮೋಟಾರೊಂದು ಪ್ರತಿಯೊಂದು ಪ್ರಯೋಗಶಾಲೆಯ ಮೇಜಿನ ಮೇಲೂ ಇರಲಿ. ರಿಪೇರಿಯ ಷೆಡ್ಡಿನ ಗೋಡೆಯಲ್ಲಿ ಅಳತೆಯ ಪಾತ್ರೆಯೊಂದು ತೂಗುತ್ತಿರಲಿ.