ಚಿನ್ನದ ಹುಲ್ಲಿನ ಲೆಕ್ಕ



ಚಿನ್ನದಂತೆ ಹೊಳೆಯುವ ಹುಲ್ಲಿದೆ ಎಂದರೆ ನಂಬುತ್ತೀರಾ? ಅದು ಇರುವುದು ದೂರದ ಬ್ರೆಜಿಲ್ ದೇಶದಲ್ಲಿ. ಅಲ್ಲಿನ ಟೊಕಾಂಟಿನ್ಸ್ ರಾಜ್ಯದ ಜಲಪಾಂವ್ ಎಂಬ ಸೀಮೆಯಲ್ಲಿ, ತೇವವಿರುವ ಬಯಲುಗಳಲ್ಲಿ ಯಾರೂ ಬಿತ್ತದೆ ತಾನಾಗಿ ಬೆಳೆಯುತ್ತದೆ. ಅಲ್ಲಿಯವರು ಅದನ್ನು ‘ಕಪಿಂ ದೊರಾದೊ’ ಎನ್ನುತ್ತಾರೆ. ಹಾಗೆಂದರೆ ಚಿನ್ನದ ಹುಲ್ಲು. ಹೆಸರಿಗೆ ಹುಲ್ಲು, ಆದರೆ ಸಸ್ಯಶಾಸ್ತ್ರದ ಪ್ರಕಾರ ಹುಲ್ಲಿನ ಜಾತಿಯದಲ್ಲ. ನೆಲಕ್ಕಂಟಿಕೊಂಡ ಪುಟ್ಟ ಗಿಡದಿಂದ ತೆಳ್ಳನೆಯ ಕಡ್ಡಿಗಳು ಮೇಲೇಳುತ್ತವೆ. ತುದಿಯಲ್ಲಿ ಬಿಳಿ ಗುಂಡಿಯಂಥ ಹೂ. ಕಡ್ಡಿ ಒಣಗಿದಾಗ ಹೊನ್ನಿನ ಬಣ್ಣ!

ಈ ಕಸುಬಿಗೆ ಹೆಸರಾದ ಊರು ಮುಂಬೂಕ. ಹಿಂದೆ ಆಫ್ರಿಕದಿಂದ ತಂದು ಗುಲಾಮರನ್ನಾಗಿ ಮಾಡಿದ್ದ ಜನರ ವಂಶದವರು ಅಲ್ಲಿದ್ದಾರೆ. ಶೆರೆಂತೆ ಎಂಬ ಮೂಲನಿವಾಸಿಗಳಿಂದ ಈ ವಿದ್ಯೆ ಅವರಿಗೆ ಬಂತಂತೆ. ಆಮೇಲೆ ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ದಾಟಿತು. ಒಂದು ಹಿಡಿ ಕಡ್ಡಿಗಳನ್ನು ಚಕ್ಕುಲಿಯ ಹಾಗೆ ಸುತ್ತುತ್ತಾ, ಬುರಿಟಿ ಎಂಬ ತಾಳೆ ಮರದ ಎಳೆಗರಿಯಿಂದ ತೆಗೆದ ನಾರಿನಲ್ಲಿ ಸುತ್ತಿಗೆ ಸುತ್ತು ಸೇರಿಸಿ ಸೂಜಿಯಿಂದ ಹೊಲಿಯುತ್ತಾರೆ. ಬುಟ್ಟಿ, ಟೋಪಿ, ಕೈಚೀಲ, ಬಳೆ, ಓಲೆ ಎಲ್ಲವೂ ಹೀಗೇ ತಯಾರಾಗುತ್ತವೆ.

ಪೇಟೆಯಲ್ಲಿ ಬೇಡಿಕೆ ಹೆಚ್ಚಿದಾಗ ಆತುರವೂ ಹೆಚ್ಚಿತು. ಕಡ್ಡಿ ಹಸಿಯಾಗಿರುವಾಗಲೇ ಎಳೆದರೆ ಗಿಡವೇ ಬೇರುಸಹಿತ ಕಿತ್ತು ಬರುತ್ತದೆ. ಬೀಜವೂ ಬಲಿತಿರುವುದಿಲ್ಲ. ಹೀಗಾದರೆ ಮುಂದಿನ ವರ್ಷಕ್ಕೆ ಏನು ಉಳಿದೀತು?

ಅದಕ್ಕೇ ಅಲ್ಲಿನ ಸರ್ಕಾರ ನಿಯಮ ಮಾಡಿದೆ. ಸೆಪ್ಟೆಂಬರ್ 20ಕ್ಕೆ ಮೊದಲು ಯಾರೂ ಕೊಯ್ಯುವಂತಿಲ್ಲ. ಅಷ್ಟರಲ್ಲಿ ಬೀಜ ಬಲಿತಿರುತ್ತದೆ, ಒಣಗಿದ ಕಡ್ಡಿ ಸಲೀಸಾಗಿ ಕೈಗೆ ಬರುತ್ತದೆ, ಗಿಡ ನೆಲದಲ್ಲೇ ಉಳಿಯುತ್ತದೆ. ಕೊಯ್ದವರು ಹೂವಿನ ತಲೆಗಳನ್ನು ಕತ್ತರಿಸಿ ಆ ಬಯಲಲ್ಲೇ ಚೆಲ್ಲಿ ಬರಬೇಕು. ಇನ್ನೊಂದು ಕಟ್ಟಳೆಯೂ ಇದೆ: ಕಡ್ಡಿಯನ್ನು ಹಾಗೆಹಾಗೆಯೇ ಹೊರಗಿನವರಿಗೆ ಸಾಗಿಸುವಂತಿಲ್ಲ. ಅದು ಅಲ್ಲಿಯವರ ಕೈಯಲ್ಲಿ ಬುಟ್ಟಿಯೋ ಬಳೆಯೋ ಆಗಿಯೇ ಹೊರಡಬೇಕು. ಆಗ ಕೂಲಿಯೂ ಊರಿಗೇ ಸಿಗುತ್ತದೆ.

ಬ್ಯಾಂಕಿನಲ್ಲಿ ದುಡಿದ ನನಗೆ ಈ ಲೆಕ್ಕ ಬಲು ಚೆನ್ನಾಗಿ ಕಂಡಿತು. ಕಡ್ಡಿ ಬಡ್ಡಿ, ಗಿಡ ಮತ್ತು ಬೀಜ ಅಸಲು. ಬಡ್ಡಿಯಲ್ಲಿ ಬದುಕಬಹುದು, ಅಸಲಿಗೆ ಕೈ ಹಾಕಬಾರದು.

ನಮ್ಮ ರೈತರ ಮನೆಗಳಲ್ಲೂ ಎಷ್ಟೇ ಕಷ್ಟ ಬಂದರೂ ಬಿತ್ತನೆ ಬೀಜವನ್ನು ಉಣ್ಣಲು ತೆಗೆಯುತ್ತಿರಲಿಲ್ಲ. ಅದನ್ನು ಬೂದಿ ಬೆರೆಸಿಯೋ ಬೇವಿನ ಸೊಪ್ಪಿನೊಡನೆಯೋ ಜೋಪಾನವಾಗಿ ಎತ್ತಿಡುತ್ತಿದ್ದರು. ಮಕ್ಕಳೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: ನಿಮ್ಮ ಮನೆಯಲ್ಲಿ ಯಾವ ಬೀಜ ಎತ್ತಿಡುತ್ತಿದ್ದರು? ಹೇಗೆ? ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದೂ ಎತ್ತಿಟ್ಟ ಬೀಜವೇ.